ಆರನೆಯ ಟಿಕೆಟ್ಟು

ಶನಿವಾರ, ಆಗಸ್ಟ್ 9. ಸಂಜೆ ಐದು ಇಪ್ಪತ್ತಕ್ಕೆ ಜಯನಗರದ ಠಾಣೆಯ ಮೆಟ್ಟಿಲು ಹತ್ತಿ ಬಂದ ಅನಂತರಾಮು ಅವರ ಅಂಗಿಯ ಕತ್ತಿನ ಬಳಿ ಹೊಸ ಜನಿವಾರದ ಎಳೆ ಇಣುಕುತ್ತಿತ್ತು. ಅಂದು ಬೆಳಗ್ಗೆ ಉಪಾಕರ್ಮ ಮುಗಿಸಿ, ಹತ್ತೂವರೆಗೆ ಮನೆಮಂದಿಯ ಜೊತೆ ಸಫಾರಿ ನೋಡಲು ಹೊರಟವರು ಮೂರು ಮುಕ್ಕಾಲಿಗೆ ಮನೆಗೆ ಬಂದರೆ ವರಮಹಾಲಕ್ಷ್ಮಿಯ ಕೊರಳು ಬರಿದಾಗಿತ್ತು. ಶುಕ್ರವಾರ ಕೂರಿಸಿದ್ದ ಕಲಶದ ಮೇಲಿನ ಕಾಸಿನ ಸರ ಕಾಣೆಯಾಗಿತ್ತು.

ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ಎರಡು ಹಾಳೆ, ದುಂಡು ಅಕ್ಷರ, ಒಂದೂ ಚಿತ್ತಿಲ್ಲ. ಕೊನೆಯಲ್ಲಿ, 'ನಮ್ಮ ಸಂಶಯ: ಮನೆಗೆಲಸದ ಮುನಿಯಕ್ಕ' ಎಂಬ ಸಾಲಿನ ಕೆಳಗೆ ಎರಡು ಗೆರೆ.

ಇನ್ಸ್‌ಪೆಕ್ಟರ್ ಯಲ್ಲಯ್ಯ ಅದನ್ನು ನಿಧಾನವಾಗಿ ಓದಿದರು. ಇಲಾಖೆಗೆ ಸೇರಿ ಮೂವತ್ತು ವರ್ಷವಾಗಿತ್ತು. ದೂರಿನಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದನ್ನು ಹುಡುಕುವುದು ಅವರಿಗೆ ಅಭ್ಯಾಸವಾಗಿ ಹೋಗಿತ್ತು.

"ಮನೇಲಿ ಯಾರೂ ಇರಲಿಲ್ವಾ ಸಾರ್?"

"ನನ್ನ ತಂಗಿ ಇಂದ್ರಾಣಿ ಇದ್ಲು. ಮೂರು ಗಂಟೆಗೆ ಗಣಪತಿ ದೇವಸ್ಥಾನಕ್ಕೆ ಅಂತ ಹೋಗಿದಾಳೆ. ನಾವು ಬಂದಮೇಲೆ ವಾಪಸ್ ಬಂದ್ಲು. ಅವಳು ಹೋಗುವಾಗ ಮುನಿಯಕ್ಕ ಹಿತ್ತಲಲ್ಲಿ ಪಾತ್ರೆ ತೊಳೀತಿದ್ಲಂತೆ."

"ಬಾಗಿಲಿಗೆ ಬೀಗ?"

"ಲಕ್ಷ್ಮಿ ಕೂತಿರೋ ಮನೆಗೆ ಬೀಗ ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಶುಕ್ರವಾರದಿಂದ ಭಾನುವಾರ ಕಲಶ ಕದಲಿಸೋ ತನಕ ಬಾಗಿಲು ಬರೀ ಎಳ್ಕೊಂಡಿರುತ್ತೆ. ಒಳಗೆ ಯಾರಾದರೂ ಒಬ್ರು ಇದ್ದೇ ಇರ್ತಾರೆ."

"ಯಾರಾದರೂ ಅಂದ್ರೆ?"

"ಇಂದ್ರಾಣೀನೇ. ಇನ್ಯಾರು?"

6.10ಕ್ಕೆ ಎಫ್‌ಐಆರ್ ದಾಖಲಾಯಿತು. ದೂರುದಾರರು ಕೆಲಸದಾಕೆಯ ಹೆಸರು ಹೇಳಿದ್ದರಿಂದ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಂ ಹಾಕಿದರು, ಕೆಲಸದವರು ಮಾಡುವ ಕಳವಿನದು. ಕಾನ್‌ಸ್ಟೇಬಲ್ ಮಹೇಶ್ ಜೀಪಿನ ಕೀ ತೆಗೆದುಕೊಳ್ಳುತ್ತ, "ಸಾರ್, ಇದು ಮುಗಿದ ಕೇಸೇ. ಒಂದು ಏಟು ಕೊಡೋದೂ ಬೇಡ, ಗದರಿದ್ರೆ ಸಾಕು" ಅಂದ.

"ನೀನು ಮೊದ್ಲು ಗಾಡಿ ತೆಗಿ. ಗದರೋದು ನಾನು ನೋಡ್ಕೋತೀನಿ."

ನಾಲ್ಕನೇ ಟಿ ಬ್ಲಾಕಿನ ಆ ಮನೆಯಲ್ಲಿ 6.50ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಅಕ್ಕಪಕ್ಕದ ಮನೆಯ ಇಬ್ಬರು ಪಂಚರು ಬಂದರು. ಹೆಡ್ ಕಾನ್‌ಸ್ಟೇಬಲ್ ಶ್ವೇತಾ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಎದುರು ಮನೆಯ ಗೇಟಿನ ಮೇಲೆ ಕ್ಯಾಮೆರಾ ಇತ್ತು. ಅದರ ಮೆಮೊರಿ ಕಾರ್ಡು ಫೆಬ್ರವರಿಯಿಂದ ಕೆಟ್ಟಿದೆಯೆಂದು ಮನೆಯವರು ಸಂಕೋಚವಿಲ್ಲದೆ ಹೇಳಿದರು.

ದೇವರ ಮನೆಯ ಹತ್ತಿರ ಬಂದಾಗ ಅನಂತರಾಮು ಅವರ ಹೆಂಡತಿ ಚೂಡಾಮಣಿ ಅಡ್ಡ ನಿಂತರು.

"ಬೇಜಾರು ಮಾಡ್ಕೋಬೇಡಿ ಸಾರ್. ಒಳಗೆ ಬೇಡ, ಅಲ್ಲಿಂದ್ಲೇ ನೋಡಿಬಿಡಿ."

ಬೆರಳಚ್ಚಿನವರು ಬಂದರೆ ಅವರೂ ಮಡಿ ಉಟ್ಟು ಬರಬೇಕೇನೋ ಎಂದು ಮಹೇಶ್ ಗೊಣಗಿದ. ಯಲ್ಲಯ್ಯ ನಿಂತಲ್ಲೇ ನಿಂತರು. ಅವರ ತಾಯಿ ಹನುಮಂತನಗರದ ಇಂಥವೇ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು ಪಾಠ ಓದಿಕೊಂಡವರು ಅವರು. ಹೊಸ್ತಿಲ ಈಚೆಯಿಂದ ನೋಡುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದಲೇ ನೋಡಿದರು. ಕಲಶದ ಮುಂದಿನ ರಂಗೋಲಿಯ ಒಂದು ಎಳೆಯೂ ಅಳಿಸಿರಲಿಲ್ಲ. ಮುತ್ತಿನ ಸರ ಇತ್ತು. ನಾಲ್ಕು ಚಿನ್ನದ ಬಳೆಗಳೂ ಹಾಗೇ ಇದ್ದವು. ಸೇವಂತಿಗೆ ಹಾರ ಎರಡೂ ಕಡೆ ಸಮನಾಗಿ ಇಳಿಬಿದ್ದಿತ್ತು.

"ಈ ಹಾರ ಯಾರಾದ್ರೂ ಸರಿ ಮಾಡಿದ್ರಾಮ್ಮ?"

"ಇಲ್ಲಪ್ಪ, ನಾವು ಬಂದಾಗ ಹೇಗಿತ್ತೋ ಹಾಗೇ ಇದೆ."

"ಮುನಿಯಕ್ಕ ಈ ಹೊಸ್ತಿಲು ದಾಟ್ತಾರಾ?"

"ಛೆ ಛೆ! ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಇಲ್ಲ."

"ಮತ್ತೆ ಸರ ಹೇಗೆ ತೆಗೆದ್ರು?"

"ಕದಿಯೋಳಿಗೆ ಮಡಿ ಮೈಲಿಗೆ ಎಲ್ಲಿ ಬಂತು ಸಾರ್?"

ಕಳ್ಳರು ಅವಸರದವರು. ಕೈಗೆ ಸಿಕ್ಕ ನಾಲ್ಕು ಬಳೆ ಬಿಟ್ಟು, ಹೂವಿನಡಿಯಿಂದ ಒಂದೇ ಸರ ಬಿಡಿಸಿಕೊಂಡು, ಹಾರವನ್ನು ಮತ್ತೆ ನೆಟ್ಟಗೆ ಹಾಕಿ ಹೋಗುವ ಕಳ್ಳರನ್ನು ಯಲ್ಲಯ್ಯ ಈವರೆಗೆ ಕಂಡಿರಲಿಲ್ಲ. ಆದರೂ ದೂರಿನಲ್ಲಿ ಹೆಸರಿದ್ದ ಮೇಲೆ ಮಾಡುವುದನ್ನು ಮಾಡಲೇಬೇಕಿತ್ತು. 7.40ಕ್ಕೆ ಯಡಿಯೂರಿನ ವಠಾರದಲ್ಲಿದ್ದ ಮುನಿಯಕ್ಕನ ಒಂದು ಕೋಣೆಯ ಮನೆಯನ್ನು ಶೋಧಿಸಿದರು. ಏನೂ ಸಿಗಲಿಲ್ಲ. ಜೀಪು ನಿಂತಿದ್ದನ್ನು ಮಾತ್ರ ಇಡೀ ಬೀದಿ ನೋಡಿತು.

ವಾಪಸ್ ಬರುವಾಗ ಶ್ವೇತಾ ಹೇಳಿದಳು: "ಸಾರ್, ಆ ಇಂದ್ರಾಣಮ್ಮ ಮೂರು ಗಂಟೆಗೆ ದೇವಸ್ಥಾನಕ್ಕೆ ಹೋದೆ ಅಂತಾರಲ್ಲ. ಆ ಗುಡಿ ಮಧ್ಯಾಹ್ನ ಮುಚ್ಚಿದ್ರೆ ತೆಗೆಯೋದೇ ಐದಕ್ಕೆ. ನಮ್ಮತ್ತೆ ಅಲ್ಲೇ ಹೋಗೋದು."

"ಇದನ್ನ ಅವರ ಮನೇಲಿ ಯಾರೂ ಕೇಳಲಿಲ್ಲ ನೋಡು."

"ಅವರನ್ನ ಯಾರೂ ಏನೂ ಕೇಳೋ ಹಾಗೆ ಕಾಣಲ್ಲ ಸಾರ್. ನಾವಿದ್ದಷ್ಟು ಹೊತ್ತೂ ಕಾಫಿ ಮಾಡ್ತಾನೇ ಇದ್ರು."

ಭಾನುವಾರ ಅರ್ಧ ಠಾಣೆ ಬಂದೋಬಸ್ತಿಗೆ ಹೋಗಿತ್ತು. ನೋಟಿಸು ಕೊಟ್ಟು ಕರೆಸಿದ್ದ ಮುನಿಯಕ್ಕ ಹತ್ತು ಗಂಟೆಗೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಅಷ್ಟರಲ್ಲಿ ಆ ಬೀದಿಯಲ್ಲಿ ಆಕೆ ಕೆಲಸ ಮಾಡುತ್ತಿದ್ದ ನಾಲ್ಕು ಮನೆಗಳ ಪೈಕಿ ಮೂರು ಮನೆಯವರು ನಾಳೆಯಿಂದ ಬರಬೇಡ ಎಂದು ಫೋನು ಮಾಡಿ ಆಗಿತ್ತು. ಒಬ್ಬರಂತೂ ಹಿಂದಿನ ದೀಪಾವಳಿಯಲ್ಲಿ ಕಳೆದುಹೋದ ಬೆಳ್ಳಿ ಲೋಟದ ಬಗ್ಗೆಯೂ ಕೇಳಿದ್ದರಂತೆ.

"ಅವರ ಮನೆಗೆ ಎಷ್ಟೊತ್ತಿಗೆ ಹೋದ್ರಮ್ಮ?"

"ಹನ್ನೊಂದಕ್ಕೆ ಸಾ."

"ಹೊರಟಿದ್ದು?"

"ಅವ್ರೆಲ್ಲಾ ಕಾರಲ್ಲಿ ಬಂದಮ್ಯಾಕೆ."

"ಪಾತ್ರೆ ತೊಳೆಯೋಕೆ ಐದು ಗಂಟೆ?"

ಮುನಿಯಕ್ಕ ಸೆರಗಿನ ಅಂಚು ತಿರುಚುತ್ತ ಕೂತರು.

"ಹಿತ್ಲು ಮೆಟ್ಲು ಮ್ಯಾಲೆ ಕುಂತಿದ್ದೆ."

"ಯಾಕೆ?"

ಮಹೇಶ್ ಮೇಜು ಕುಟ್ಟಿದ. "ಏಯ್, ಸಾಹೇಬ್ರು ಕೇಳ್ತಿರೋದು ನಿನ್ನೇ! ನಾಟಕ ಆಡ್ಬೇಡ."

"ನಾಟ್ಕ ಆಡೋ ವಯಸ್ಸೇನಪ್ಪ ನಂದು? ನಿಮ್ಮವ್ವನ ವಯಸ್ಸು" ಎಂದರು ಮುನಿಯಕ್ಕ. ಆಮೇಲೆ ಯಲ್ಲಯ್ಯನವರ ಕಡೆ ತಿರುಗಿ, "ಹೇಳೋರು ಹೇಳ್ತಾರೆ ಸಾ. ಒಂದಿನ ತಡೀರಿ. ನಾನು ಬಾಯ್ಬಿಡಲ್ಲ ಅಂತ ಮಾತು ಕೊಟ್ಟಿವ್ನಿ" ಎಂದರು.

"ಯಾರಿಗೆ?"

ಮುನಿಯಕ್ಕ ತಲೆಯಾಡಿಸಿದರು. ಮಹೇಶನಿಗೆ ಇದು ತಪ್ಪೊಪ್ಪಿಗೆಯ ಮೊದಲ ಮೆಟ್ಟಿಲಿನಂತೆ ಕಂಡಿತು. ಯಲ್ಲಯ್ಯ ಆಕೆಯನ್ನು ಊಟಕ್ಕೆ ಮನೆಗೆ ಕಳಿಸಿದರು.

ಸಂಜೆ ಐದಕ್ಕೆ ಅವರು ಶ್ವೇತಾಳೊಂದಿಗೆ ಮತ್ತೆ ಅನಂತರಾಮು ಅವರ ಮನೆಗೆ ಹೋದರು. ಕಲಶ ಇನ್ನೂ ಕದಲಿಸಿರಲಿಲ್ಲ. ಸರ ಸಿಗದೆ ಕದಲಿಸುವುದು ಹೇಗೆ ಎಂಬ ಚರ್ಚೆ ನಡೆದಿತ್ತು. ಅನಂತರಾಮು ಅವರ ಮಗ ನಚಿಕೇತ ಹಾಲಿನಲ್ಲಿ ಕೂತು ಸಫಾರಿಗೆ ಹೋಗಿಬಂದ ವೇಳೆಯನ್ನೆಲ್ಲ ಒಪ್ಪಿಸಿದ. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯಾಚೆ ಹೊಸದಾಗಿ ತೆರೆದ ಖಾಸಗಿ ಪಾರ್ಕು ಅದು. ಸ್ವಂತ ಕಾರಿನಲ್ಲೇ ಗಾಜು ಏರಿಸಿಕೊಂಡು ಪ್ರಾಣಿಗಳ ನಡುವೆ ಹಾದು ಬರಬಹುದು.

"ಎಷ್ಟು ಜನ ಹೋಗಿದ್ರಿ?"

"ಐದು ಜನ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಮಗಳು ಇಂಚರ."

"ಟಿಕೆಟ್ ಆರು ಇತ್ತು" ಎಂದಳು ಸೋಫಾದ ಹಿಂದಿನಿಂದ ಒಂಬತ್ತು ವರ್ಷದ ಇಂಚರ. "ಇಂದಜ್ಜಿಗೂ ನಾನೇ ಬುಕ್ ಮಾಡ್ಸಿದ್ದೆ. ಆಮೇಲೆ ಅಜ್ಜಿ ಬೇಡ ಅಂದ್ರು."

"ಬೇಡ ಅಂತಲ್ಲ ಪುಟ್ಟ, ಲಕ್ಷ್ಮಿ ಜೊತೆ ಯಾರಾದರೂ ಇರಬೇಕಲ್ಲ" ಎಂದರು ಚೂಡಾಮಣಿ.

"ಟಿಕೆಟ್ ವೇಸ್ಟ್ ಆಯ್ತಾ ಹಾಗಾದ್ರೆ?" ಯಲ್ಲಯ್ಯ ಹುಡುಗಿಯನ್ನು ಕೇಳಿದರು.

"ಇಂದಜ್ಜಿ ಫೋನಿಗೆ ಕಳ್ಸಿದ್ದೆ. ಸುಮ್ನೆ ಇಟ್ಕೊಳ್ಳಲಿ ಅಂತ."

"ಇಂದಜ್ಜಿಗೆ ಫೋಟೋ ಎಲ್ಲ ತೋರಿಸಿದ್ಯಾ?"

"ತೋರಿಸ್ದೆ. ಸಿಂಹದ್ದು ಬರೀ ಬೆನ್ನು ಬಂದಿತ್ತು ಅಂಕಲ್, ಅದು ಆ ಕಡೆ ತಿರ್ಕೊಂಡು ಪೊದೆಯೊಳಗೆ ತಲೆ ಇಟ್ಟಿತ್ತು. ಆದ್ರೂ ಇಂದಜ್ಜಿ, ಪಾಪ ಅದರ ಬಲಗಿವಿ ಹರಿದೋಗಿದೆ ಅಲ್ವಾ ಅಂದ್ರು. ನಾವ್ಯಾರೂ ಕಿವಿ ನೋಡೇ ಇಲ್ಲ."

ಅಡಿಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಇಂದ್ರಾಣಿ ಕಾಫಿ ತಂದರು. ಅರವತ್ತೊಂದು ವರ್ಷದ ಸಣ್ಣ ಮೈಕಟ್ಟಿನ ಹೆಂಗಸು, ಕುತ್ತಿಗೆಯ ಸುತ್ತ ಸೆರಗು ಬಿಗಿಯಾಗಿ ಹೊದ್ದಿದ್ದರು. ಯಲ್ಲಯ್ಯ ಕಾಫಿ ಕುಡಿದು, ಚೆನ್ನಾಗಿದೆಯಮ್ಮ ಎಂದು ಹೇಳಿ ಎದ್ದರು. ಹಾಗೆ ಹೇಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲವೆಂದು ಆಕೆ ಬೆಚ್ಚಿ ನೋಡಿದ್ದರಿಂದಲೇ ಗೊತ್ತಾಯಿತು.

ಸೋಮವಾರ ಪಾರ್ಕಿಗೆ ರಜೆ. ಕಚೇರಿ ಮಾತ್ರ ತೆರೆದಿತ್ತು. 10.15ಕ್ಕೆ ಮ್ಯಾನೇಜರ್ ದೀಪಕ್ ಕಂಪ್ಯೂಟರಿನಲ್ಲಿ ಬುಕಿಂಗ್ ನಂಬರು ಹಾಕಿ ನೋಡಿದ.

"ಆರು ಟಿಕೆಟ್ ಸಾರ್. ಐದು ಶನಿವಾರ 12.31ಕ್ಕೆ ಸ್ಕ್ಯಾನ್ ಆಗಿದೆ. ಇನ್ನೊಂದು 1.12ಕ್ಕೆ."

"ಯಾವ ಗಾಡಿ?"

"ಟ್ಯಾಕ್ಸಿ ಸಾರ್, ಹಳದಿ ಬೋರ್ಡು. ಗೇಟ್ ಹತ್ರ ಎಲ್ಲ ಗಾಡಿಗೂ ಫೋಟೋ ತೆಗೀತೀವಿ. ಹೊರಗೆ ಹೋಗುವಾಗ ಬೇಕಾದವರು ತಗೋತಾರೆ. ತಗೊಳ್ದೇ ಇರೋದು ಅಲ್ಲೇ ನೇತಾಡ್ತಿರುತ್ತೆ, ಬುಧವಾರ ಬಿಸಾಕ್ತೀವಿ."

ನಿರ್ಗಮನದ ಬಳಿ ತಗಡಿನ ಚಾವಣಿಯ ಕೆಳಗೆ ತಂತಿಗೆ ಕ್ಲಿಪ್ಪು ಹಾಕಿ ಫೋಟೋಗಳನ್ನು ತೂಗುಹಾಕಿದ್ದರು. ಕಣ್ಣು ಮುಚ್ಚಿದ ಅಪ್ಪಂದಿರು, ಅಳುವ ಮಕ್ಕಳು, ಬೇಡವಾದ ಮುಖಗಳು. ಮೂರನೆಯ ಸಾಲಿನಲ್ಲಿ ಇಂದ್ರಾಣಿ ಇದ್ದರು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಒಬ್ಬರೇ. ನೇರಳೆ ಬಣ್ಣದ ರೇಷ್ಮೆ ಸೀರೆ. ಸೆರಗಿನ ಮೇಲೆ, ಎಲ್ಲರಿಗೂ ಕಾಣುವಂತೆ, ಕಾಸಿನ ಸರ. ಕ್ಯಾಮೆರಾ ಕಡೆಗೆ ಬಲಗೈ ಎತ್ತಿದ್ದರು. ಹಿಂದಿನ ಸಂಜೆ ಕಾಫಿ ತಂದುಕೊಟ್ಟ ಹೆಂಗಸು ಇವರೇ ಎಂದು ನಂಬಲು ಯಲ್ಲಯ್ಯನವರಿಗೆ ಒಂದು ಗಳಿಗೆ ಬೇಕಾಯಿತು. ಮುಖದ ತುಂಬ ನಗು ಇತ್ತು.

"ಬುಧವಾರ ಆಗಿದ್ರೆ ಕಸದ ಬುಟ್ಟೀಲಿ ಇರ್ತಿತ್ತು" ಎಂದ ಮಹೇಶ್. ಅವನ ದನಿ ಇಳಿದಿತ್ತು.

ಟ್ಯಾಕ್ಸಿಯ ಚಾಲಕ ಲಿಖಿತ್ ಫೋನಿನಲ್ಲಿ ಸಿಕ್ಕ.

"ಹೌದು ಸಾರ್, ಆಂಟಿನ ಹನ್ನೊಂದು ಗಂಟೆಗೆ ಹತ್ತಿಸ್ಕೊಂಡೆ. ವಾಪಸ್ಸೂ ನಾನೇ ಬಿಟ್ಟಿದ್ದು. ಸಖತ್ ಖುಷಿಯಾಗಿದ್ರು. ನಮ್ಮೋರು ಮುಂದಿನ ಕಾರಲ್ಲಿದಾರೆ, ಸ್ವಲ್ಪ ದೂರ ಇರಪ್ಪ ಅಂದ್ರು. ಸಿಂಹದ ಹತ್ರ ಅರ್ಧ ಗಂಟೆ ನಿಲ್ಲಿಸ್ಬಿಟ್ರು. ಇನ್ನೊಂದ್ಸಲ ಸುತ್ತಿಸು ಅಂತ ಕೇಳಿದ್ರು, ಬಿಡಲ್ಲ ಆಂಟಿ ಅಂದೆ. ಬರ್ತಾ ಕೋಣನಕುಂಟೆ ಕ್ರಾಸಲ್ಲಿ ಜಾಮ್ ಆಯ್ತು. ಆಗ ಮಾತ್ರ ಒದ್ದಾಡಿದ್ರು, ಮನೆಯೋರು ಬಂದ್ಬಿಡ್ತಾರೆ ಅಂತ."

ಫೋಟೋವನ್ನು ಪಂಚರ ಮುಂದೆ ವಶಕ್ಕೆ ತೆಗೆದುಕೊಂಡು ಸಹಿ ಹಾಕಿಸಿದರು. ಹೊರಡುವಾಗ ದೀಪಕ್ ತನ್ನ ಜೀಪಿನಲ್ಲಿ ಒಂದು ಸುತ್ತು ಕರೆದೊಯ್ದ. ಸಿಂಹ ರಸ್ತೆಯ ಪಕ್ಕದಲ್ಲೇ ಮಲಗಿತ್ತು. ಬಲಗಿವಿ ಹರಿದಿತ್ತು. ಗಾಡಿಯ ಕಡೆ ಒಮ್ಮೆ ನೋಡಿ ಮತ್ತೆ ಕಣ್ಣು ಮುಚ್ಚಿತು.

ಅಂದೇ ಮಧ್ಯಾಹ್ನ ಎರಡು ಗಂಟೆಗೆ ಆ ಮನೆಯ ಊಟದ ಮೇಜಿನ ಮುಂದೆ ಯಲ್ಲಯ್ಯ ಫೋಟೋ ಇಟ್ಟರು. ಇಂದ್ರಾಣಿ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಅದನ್ನು ಆಸೆಯಿಂದ ನೋಡಿದರು.

"ಚೆನ್ನಾಗಿ ಬಂದಿದೆ" ಎಂದರು.

"ಸರ ಎಲ್ಲಿದೆಯಮ್ಮ?"

ಅವರು ಎದ್ದು ತಮ್ಮ ಕೋಣೆಗೆ ನಡೆದರು. ಅಡಿಗೆಮನೆಯ ಪಕ್ಕದ, ಹಿಟ್ಟಿನ ಡಬ್ಬಗಳ ಜೊತೆ ಒಂದು ಮಂಚ ಹಿಡಿಸುವಷ್ಟು ಜಾಗ. ಶ್ವೇತಾ ಜೊತೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಅವಳ ಕೈಯ ಬಿಳಿ ಬಟ್ಟೆಯಲ್ಲಿ ಸರ ಇತ್ತು.

"ಎಲ್ಲೂ ಬಚ್ಚಿಟ್ಟಿರಲಿಲ್ಲ ಸಾರ್. ರವಿಕೆ ಒಳಗೆ ಹಾಕ್ಕೊಂಡೇ ಇದ್ರು. ಶನಿವಾರದಿಂದ ತೆಗೆದೇ ಇಲ್ಲ. ಕತ್ತು ಕೆಂಪಾಗಿದೆ."

"ಅಯ್ಯೋ ಪಾಪಿ!" ಎಂದರು ಚೂಡಾಮಣಿ. "ದೇವರ ಮೇಲಿಂದ!"

"ದೇವರದ್ದಲ್ಲ ಅತ್ತಿಗೆ, ನಂದು. ನನ್ನ ಮದುವೆಗೆ ಅಂತ ಅಮ್ಮ ಮಾಡಿಸಿದ್ದು. ನನ್ನ ಮದುವೆ ಮುರಿದ ವರ್ಷ ನಿಮ್ಮ ಮದುವೆ ಆಯ್ತು. ಧಾರೆಗೆ ಹಾಕ್ಕೊಂಡು ವಾಪಸ್ ಕೊಡ್ತಾಳೆ ಅಂದಿದ್ರು ಅಮ್ಮ. ಮೂವತ್ತೆಂಟು ವರ್ಷ ಆಯ್ತು. ಪ್ರತಿ ಹಬ್ಬಕ್ಕೂ ಅಂಟುವಾಳದ ನೀರಲ್ಲಿ ತಿಕ್ಕೋಳು ನಾನು. ಹಾಕ್ಕೊಳ್ಳೋದು ಲಕ್ಷ್ಮಿ, ಆಮೇಲೆ ನೀವು."

"ಕೇಳಬಹುದಿತ್ತಲ್ಲೇ?" ಎಂದರು ಅನಂತರಾಮು.

"ಕೇಳಿ ಕೇಳಿ ಏನು ಸಿಕ್ಕಿದೆ ಅಣ್ಣ? ಸಿಂಹ ನೋಡ್ಬೇಕು ಅಂತ ಮಗು ಕೈಲಿ ಕೇಳಿಸಿದೆ. ಅದೂ ಆಗಲಿಲ್ಲ."

ಯಲ್ಲಯ್ಯ ಕುರ್ಚಿ ಎಳೆದುಕೊಂಡು ಆಕೆಯ ಎದುರು ಕೂತರು.

"ಹಾಕ್ಕೊಂಡು ಹೋದ್ರಿ, ಸರಿ. ವಾಪಸ್ ಇಡೋಣ ಅಂತಲೇ ಇದ್ರಾ?"

"ಅವರು ಬರೋದರೊಳಗೆ ಇಟ್ಟುಬಿಡ್ತಿದ್ದೆ. ಬಂದಾಗ ಆಗಲೇ ಕಳ್ಳತನ ಅಂತ ಕೂಗಾಡ್ತಿದ್ರು."

"ಮುನಿಯಕ್ಕನ್ನ ಕೂರಿಸಿ ಹೋಗಿದ್ರಿ."

"ಬೀಗ ಹಾಕೋ ಹಾಗಿಲ್ಲವಲ್ಲ. ಯಾರಿಗೂ ಹೇಳ್ಬೇಡ ಅಂದಿದ್ದೆ. ಹೇಳ್ಲಿಲ್ಲ ಅಲ್ವಾ?"

"ಹೇಳ್ಲಿಲ್ಲ. ಸ್ಟೇಷನ್ ಬೆಂಚಲ್ಲಿ ಕೂತಿದ್ರು, ಆದರೂ ಹೇಳ್ಲಿಲ್ಲ. ನಿಮಗೋಸ್ಕರ ಐದು ಗಂಟೆ ಮೆಟ್ಟಿಲ ಮೇಲೆ ಕೂತವರ ಹೆಸರನ್ನೇ ಹೇಳಿಬಿಟ್ರಲ್ಲಮ್ಮ. ಯಾಕೆ?"

ಇಂದ್ರಾಣಿ ತಮ್ಮ ಅಂಗೈ ನೋಡಿಕೊಂಡರು.

"ಯಾರು ಮನೇಲಿದ್ರು ಅಂತ ಎಲ್ಲರೂ ನನ್ನ ಮುಖ ನೋಡಿದ್ರು. ಯಾರದಾದರೂ ಒಂದು ಹೆಸರು ಹೇಳ್ಬೇಕಿತ್ತು. ಈ ಮನೇಲಿ ನನಗಿಂತ ಕೆಳಗಿರೋಳು ಅವಳೊಬ್ಬಳೇ."

ಶ್ವೇತಾ ಅದನ್ನು ಹಾಗೇ ಬರೆದುಕೊಂಡಳು.

ಅನಂತರಾಮು ಯಲ್ಲಯ್ಯನವರನ್ನು ವರಾಂಡಕ್ಕೆ ಕರೆದೊಯ್ದರು. "ಸಾರ್, ಕಂಪ್ಲೇಂಟ್ ವಾಪಸ್ ತಗೋತೀನಿ. ಮನೆ ವಿಷಯ, ಬೀದಿಗೆ ಬರೋದು ಬೇಡ."

"ಎಫ್‌ಐಆರ್ ಆಗಿದೆ ಸಾರ್. ಇನ್ನು ಕೋರ್ಟಲ್ಲೇ ಆಗಬೇಕು."

"ಇಷ್ಟಕ್ಕೆಲ್ಲ ಅರೆಸ್ಟ್ ಬೇಕಾ? ನೋಟಿಸ್ ಕೊಟ್ಟು ಬಿಡಬಹುದು ಅಂತಾರಲ್ಲ? ವಯಸ್ಸಾದ ಹೆಂಗಸು..."

"ಮುನಿಯಕ್ಕಂಗೂ ಅಷ್ಟೇ ವಯಸ್ಸು ಸಾರ್. ಅವರ ಹೆಸರಿನ ಕೆಳಗೆ ನೀವು ಎರಡು ಗೆರೆ ಎಳೆದಿದ್ರಿ."

ಬಿಡಬಹುದಿತ್ತು. ಕಾನೂನಿನಲ್ಲಿ ಅದಕ್ಕೆ ಜಾಗವಿತ್ತು. ಆದರೆ ಶನಿವಾರ ಯಡಿಯೂರಿನ ವಠಾರದ ಮುಂದೆ ನಿಂತ ಜೀಪು ಈ ಗೇಟಿನ ಮುಂದೂ ಹಾಡಹಗಲಲ್ಲಿ ನಿಲ್ಲದಿದ್ದರೆ, ಈ ಬೀದಿಯವರು ಸಾಯುವ ತನಕ ಕಳ್ಳಿ ಎಂದು ಯಾರನ್ನು ಕರೆಯುತ್ತಾರೆ ಎಂಬುದು ಯಲ್ಲಯ್ಯನವರಿಗೆ ಗೊತ್ತಿತ್ತು. ಅದರಿಂದ ಅವರಿಗೆ ಸಮಾಧಾನವೇನೂ ಆಗಲಿಲ್ಲ.

2.50ಕ್ಕೆ ಶ್ವೇತಾ ಇಂದ್ರಾಣಿಯವರನ್ನು ಬಂಧಿಸಿದಳು. 306ನೇ ಕಲಂ ತೆಗೆದು 305 ಹಾಕುವಂತೆ ನ್ಯಾಯಾಲಯಕ್ಕೆ ಕೋರಿಕೆ ಹೋಯಿತು, ವಾಸದ ಮನೆಯೊಳಗಿನ ಕಳವು. ಸರ ಒಂದು, ಫೋಟೋ ಒಂದು ಎಂದು ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಆಯಿತು. ಜೀಪು ಹತ್ತುವಾಗ ಇಂದ್ರಾಣಿ ಸರವನ್ನು ಕೇಳಲಿಲ್ಲ. ಕೇಸು ಮುಗಿದ ಮೇಲೆ ಫೋಟೋ ಕೊಡುತ್ತೀರಾ ಎಂದು ಮಾತ್ರ ಕೇಳಿದರು. ಎದುರು ಬದುರು ಮನೆಗಳ ಕಿಟಕಿಗಳ ಪರದೆಗಳು ಸರಿದವು. ಅನಂತರಾಮು ಬಾಗಿಲು ಎಳೆದುಕೊಂಡರು. ಬೀಗ ಹಾಕುವಂತಿರಲಿಲ್ಲ. ಕಲಶ ಇನ್ನೂ ಒಳಗೇ ಕೂತಿತ್ತು.

ಸಂಜೆ ಆರಕ್ಕೆ ಯಲ್ಲಯ್ಯ ಯೂನಿಫಾರ್ಮಿನಲ್ಲೇ ಯಡಿಯೂರಿನ ವಠಾರಕ್ಕೆ ನಡೆದು ಹೋದರು. ನಲ್ಲಿಯ ಮುಂದೆ ನೀರಿಗೆ ನಿಂತಿದ್ದ ಹೆಂಗಸರೆಲ್ಲ ಕೇಳುವಂತೆ, ಸರ ಸಿಕ್ಕಿದೆ, ಮುನಿಯಕ್ಕನ ಮೇಲೆ ಏನೂ ಇಲ್ಲ ಎಂದು ಗಟ್ಟಿಯಾಗಿ ಹೇಳಿದರು. ಮುನಿಯಕ್ಕ ಕೊಡ ಕೆಳಗಿಟ್ಟು ಪಕ್ಕಕ್ಕೆ ಬಂದರು.

"ಆ ಮೂರು ಮನೆಯವರಿಗೂ ನಾನೇ ಹೇಳ್ತೀನಮ್ಮ."

"ಬೇರೇರ್ನ ಇಟ್ಕಂಡವ್ರಂತೆ ಸಾ ಆಗ್ಲೇ." ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಚೂಡಾಮಣಮ್ಮ ಫೋನ್ ಮಾಡಿದ್ರು. ನಾಳೆ ಜಾಮೀನಿಗೆ ಅಂತ ಎಲ್ಲಾ ಕೋರ್ಟಿಗೋಗ್ತಾರಂತೆ. ಬಂದು ಮೆಟ್ಲು ಮ್ಯಾಲೆ ಕುಂತಿರು ಅಂದ್ರು" ಎಂದರು.

"ಹೋಗ್ತೀರಾ?"

"ಉಳ್ದಿರೋದು ಅದೊಂದೇ ಮನೆ."

ನಲ್ಲಿಯ ನೀರು ಕೊಡ ತುಂಬಿ ಹರಿಯತೊಡಗಿತ್ತು. ಯಾರೋ ಕೂಗಿ ಹೇಳಿದರು. ಮುನಿಯಕ್ಕ ತಿರುಗಲಿಲ್ಲ.

"ಸಾ, ಒಂದು ಮಾತು. ಆಯಮ್ಮ ಸೀರೆ ಉಟ್ಕಂಡು ಬಂದಾಗ, ಚೆನ್ನಾಗ್ ಕಾಣ್ತೀರಾ ಕಣಮ್ಮ ಅಂತ ನಾನೇ ಕೈ ಬೀಸಿ ಕಳ್ಸಿದ್ದು. ನನ್ ಹೆಸ್ರು ಯಾಕೆ ಹೇಳಿದ್ರಂತೆ?"

ಇಂದ್ರಾಣಿಯವರ ಹೇಳಿಕೆಯ ನಕಲು ಯಲ್ಲಯ್ಯನವರ ಜೇಬಿನಲ್ಲೇ ಇತ್ತು.

"ಗೊತ್ತಿಲ್ಲಮ್ಮ" ಎಂದರು.